ನೀವು ಆರಿಸಿದ ದಿನ

ಅತ್ತಿಗೆ, ಮೂರು ವರ್ಷದ ಹಿಂದೆ ನಿಮ್ಮ ಕಾಫಿ ತೋಟದ ಹೂ ಕೆಟ್ಟದ್ದು ನಿಮ್ಮಿಂದಲ್ಲ. ನನ್ನಿಂದ. ನೀರು ಹಾಕುವ ದಿನವನ್ನು ನೀವು ತಪ್ಪಾಗಿ ನೋಡಲಿಲ್ಲ—ನಾನು ನೀರನ್ನೇ ಸರಿಯಾಗಿ ಹಾಕಲಿಲ್ಲ. ಡೀಸೆಲ್‌ಗೆಂದು ನೀವು ಕೊಟ್ಟು ಹೋದ ದುಡ್ಡನ್ನು ಫೋನಿನ ರಮ್ಮಿಯಲ್ಲಿ ಕಳೆದೆ. ಆಮೇಲೆ, ನೀವು ಎದುರಿಗೆ ನಿಂತಿದ್ದಾಗ, ತಪ್ಪನ್ನು ನಿಮ್ಮ ತಲೆಗೇ ಕಟ್ಟಿದೆ.

ಬರೆದುಬಿಟ್ಟೆ. ಉಳಿದದ್ದನ್ನೂ ಬರೆಯುತ್ತೇನೆ. ಮನೆಯಲ್ಲಿ ನಾವೆಲ್ಲ ಅರೆಭಾಷೆ ಆಡುವವರು. ನೀವು ಶನಿವಾರಸಂತೆ ಕಡೆಯಿಂದ ಈ ಮನೆಗೆ ಬಂದ ದಿನದಿಂದ ನಿಮ್ಮೊಡನೆ ಮಾತ್ರ ನನ್ನದು ಕನ್ನಡ. ಸುಳ್ಳು ಹೇಳಿದ್ದೂ ಇದೇ ಕನ್ನಡದಲ್ಲಿ.

ಅಣ್ಣ ತೀರಿಕೊಂಡಾಗ ನೆಂಟರೆಲ್ಲ ಏನಂದರು ನೆನಪಿದೆಯಾ? ಗದ್ದೆ ಮನೆಯಿಂದ ಬಂದವಳಿಗೆ ಕಾಫಿ ಎಂತ ಗೊತ್ತು, ವರ್ಷದೊಳಗೆ ತೋಟ ಕಾಡಾಗುತ್ತದೆ ಅಂದರು. ನೀವು ಅಣ್ಣನ ಹಳೇ ಬೂಟು ಹಾಕಿಕೊಂಡು ತೋಟಕ್ಕೆ ಇಳಿದಿರಿ. ಮಾಘ ಕಳೆದರೂ ಮಳೆ ಬಾರದ ವರ್ಷ ರೊಬಸ್ಟಾ ಕಾಫಿ ಗಿಡ ಹೂ ಬಿಡಲು ನಾವೇ ಮಳೆ ಸುರಿಸಬೇಕು, ಸ್ಪ್ರಿಂಕ್ಲರ್ ಓಡಿಸಬೇಕು. ಮೊಗ್ಗು ಬಲಿಯುವ ಮೊದಲೇ ಹಾಕಿದರೆ ದಂಡ, ತಡವಾದರೂ ದಂಡ. ನೀವು ಗೊಂಚಲನ್ನು ಅಂಗೈಯಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ, "ಇನ್ನೂ ನಾಕು ದಿನ ಬೇಕು ಕಣೋ ಲೋಕೇಶ" ಅನ್ನುತ್ತಿದ್ದಿರಿ. ನಾಲ್ಕು ವರ್ಷ, ಒಂದು ಸಲವೂ ನಿಮ್ಮ ಲೆಕ್ಕ ತಪ್ಪಲಿಲ್ಲ. ನನಗೆ ಹೊಟ್ಟೆಕಿಚ್ಚಿತ್ತೇ? ಇದ್ದಿರಬಹುದು. ಇಲ್ಲಿ ಹುಟ್ಟಿ ಬೆಳೆದ ನನಗೆ ಆ ಕಣ್ಣು ಬರಲಿಲ್ಲ.

ಆಟ ಹೇಗೆ ಹಿಡಿಯಿತೆಂದು ಹೇಳಬೇಕು. ಇಸ್ಪೀಟು ನಮಗೆ ಹೊಸತಲ್ಲ. ಮದುವೆ ಮನೆಯಲ್ಲಿ ಚಾಪೆ ಹಾಸಿ ಕೂರದ ಗಂಡಸು ನಮ್ಮಲ್ಲಿ ಯಾರಿದ್ದಾರೆ? ಆದರೆ ಅಲ್ಲಿ ಯಾರಾದರೂ "ಎಲೆ ಹಾಕಿದ್ದಾಯ್ತು, ಏಳಿ ಊಟಕ್ಕೆ" ಎಂದು ಕೂಗುತ್ತಾರೆ. ಆಟ ಅಲ್ಲಿಗೆ ನಿಲ್ಲುತ್ತದೆ. ಫೋನಿನಲ್ಲಿ ಊಟಕ್ಕೆ ಕರೆಯುವವರಿಲ್ಲ. ಮೊದಲ ವಾರ ಗೆದ್ದೆ. ಸುಂಟಿಕೊಪ್ಪದ ಪೇಟೆಯಿಂದ ನಿಮಗೆಲ್ಲ ಸಿಹಿ ತಂದೆನಲ್ಲ—ಅದು ಆ ದುಡ್ಡು.

ಜವಾಬ್ದಾರಿಯಿಂದ ಆಡಿ ಎಂದು ಅದರಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿತ್ತು. ದಿನಕ್ಕೆ ಇಷ್ಟೇ ಎಂದು ಮಿತಿ ಹಾಕಿಕೊಳ್ಳುವ ಜಾಗವೂ ಇತ್ತು. ಹಾಕಿಕೊಂಡಿದ್ದೆ. ನಾನೇನು ದಡ್ಡನಲ್ಲ ಎಂದು ಬೀಗಿದ್ದೆ ಕೂಡ. ಸೋತ ದಿನ ಆ ಮಿತಿಯನ್ನು ಏರಿಸಿದೆ, ಇವತ್ತೊಂದು ದಿನ ಎಂದುಕೊಂಡೆ. ಮರುದಿನ ತೆಗೆದೇ ಹಾಕಿದೆ. ಯಾರಾದರೂ ಹತ್ತಿರ ಬಂದರೆ ಫೋನ್ ಮಗುಚಿಡುತ್ತಿದ್ದೆ, ಮಾತಾಡಿಸಿದರೆ ಸಿಡುಕುತ್ತಿದ್ದೆ. "ಯಾಕೋ ಹೀಗಾಗಿದೀಯ, ಮೈ ಹುಷಾರಿಲ್ವಾ?" ಎಂದು ನೀವೊಮ್ಮೆ ಕೇಳಿದಿರಿ. ಅವತ್ತೇ ಹೇಳಿದ್ದರೆ...

ಆ ವರ್ಷ ನೀವು ದಿನ ಗೊತ್ತು ಮಾಡಿದಿರಿ—ಬರುವ ಗುರುವಾರ. ಅಷ್ಟರಲ್ಲಿ ನಿಮ್ಮ ತಾಯಿಗೆ ಕಾಯಿಲೆ ಜೋರಾಯಿತು. ತವರಿಗೆ ಹೊರಡುವಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿದಿರಿ: "ಒಂದೊಂದು ಜಾಗಕ್ಕೂ ಏಳು ಗಂಟೆ ನೀರು ಬಿಡ್ಬೇಕು, ಮರೀಬೇಡ. ಮಣ್ಣು ಗೇಣುದ್ದ ನೆನೀಬೇಕು. ಅರ್ಧ ನೀರು ಹಾಕೋದಕ್ಕಿಂತ ಹಾಕದೆ ಇರೋದೇ ವಾಸಿ." ನಾನು ತಲೆಯಾಡಿಸಿದೆ.

ಮೊದಲ ದಿನ ಕೆರೆ ಪಕ್ಕದ ಪಟ್ಟಿಗೆ ಪೂರ್ತಿ ಏಳು ಗಂಟೆ ಓಡಿಸಿದೆ. ಪಂಪಿನ ಹತ್ತಿರ ಡೀಸೆಲ್ ಕ್ಯಾನಿನ ಮೇಲೆ ಕೂತು ಆಡುತ್ತಲೇ ಇದ್ದೆ. ಅವತ್ತು ಹೋದದ್ದನ್ನು ವಾಪಸು ತೆಗೆಯಬೇಕು ಎಂಬ ಹುಚ್ಚು ಹತ್ತಿತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನಿಮ್ಮ ದುಡ್ಡಿನಲ್ಲಿ ಮುಕ್ಕಾಲು ಇರಲಿಲ್ಲ. ಉಳಿದ ಡೀಸೆಲನ್ನೇ ಇಡೀ ತೋಟಕ್ಕೆ ಎಳೆದೆ—ಒಂದೊಂದು ಜಾಗಕ್ಕೆ ಎರಡು ಗಂಟೆ, ಎರಡೂವರೆ. ಪೈಪು ಬದಲಿಸಲು ಬರುತ್ತಿದ್ದ ಕೃಷ್ಣಣ್ಣ, "ಇಷ್ಟು ಬೇಗ ಎಂತಕ್ಕೆ ಬಿಚ್ಚುದು? ಮಣ್ಣು ಮೇಲೆ ಮಾತ್ರ ಚಂಡಿ ಆಗಿದೆ, ಒಳಗೆ ಇನ್ನೂ ಒಣಗಿಯೇ ಉಂಟು" ಅಂದ. "ಹೇಳಿದಷ್ಟು ಮಾಡು, ನಿಂಗೆಂತಕ್ಕೆ ಅಧಿಕಪ್ರಸಂಗ" ಎಂದು ಗದರಿದೆ. ಅಪ್ಪನ ವಯಸ್ಸಿನವನಿಗೆ. ಆ ವರ್ಷವೇ ಆತ ನಮ್ಮ ಕೆಲಸ ಬಿಟ್ಟು ಕುಟ್ಟದ ಕಡೆಯ ಎಸ್ಟೇಟಿಗೆ ಹೋದ. ನಿಮ್ಮ ಕಿವಿಗೆ ಒಂದು ಮಾತೂ ಹಾಕಲಿಲ್ಲ. ಫೋನಿನಲ್ಲಿ ನೀವು ಕೇಳಿದಾಗ, "ಎಲ್ಲ ಚೆನ್ನಾಗಿ ನೆನೆದಿದೆ ಅತ್ತಿಗೆ" ಅಂದೆ.

ನೀರು ಹಾಕಲು ಶುರುಮಾಡಿದ ಒಂಬತ್ತನೇ ದಿನ ನೀವು ಬಂದಿರಿ. ಬ್ಯಾಗನ್ನು ಜಗಲಿಯಲ್ಲಿಟ್ಟು, ಮುಖ ಕೂಡ ತೊಳೆಯದೆ, ಹೂ ನೋಡಲು ನೇರ ತೋಟಕ್ಕೆ ನಡೆದಿರಿ. ನಾನು ಹಿಂದೆ ಬಂದೆ. ಬೇಲಿಯಾಚೆ ಪಕ್ಕದವರ ತೋಟ ಬೆಳ್ಳಗೆ ಬಿರಿದಿತ್ತು, ಘಮ ಇಲ್ಲಿಯವರೆಗೆ ಬರುತ್ತಿತ್ತು. ನಮ್ಮಲ್ಲಿ ಮೊಗ್ಗು ಅರ್ಧ ಬಾಯಿಬಿಟ್ಟು, ಕೆಂಪಗೆ ತಿರುಗಿ, ಅಲ್ಲೇ ಒಣಗಿತ್ತು. ನೀವು ಒಂದು ಗೊಂಚಲು ಕಿತ್ತು ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಿರಿ. "ಏನಾಯ್ತೋ ಲೋಕೇಶ?"

ಆಗ ನಾನು ಹೇಳಿದೆ—"ದಿನ ಸ್ವಲ್ಪ ಬೇಗ ಆಯ್ತೇನೋ ಅತ್ತಿಗೆ. ಪಕ್ಕದವರು ಎರಡು ದಿನ ಬಿಟ್ಟು ಹಾಕಿದ್ರು."

ಯೋಚನೆ ಮಾಡಿಯೂ ಹೇಳಲಿಲ್ಲ. ಬಾಯಿಗೆ ಬಂತು. ನೀವು ನನ್ನನ್ನು ಇನ್ನೊಂದು ಪ್ರಶ್ನೆ ಕೇಳಿದ್ದರೆ ಬಹುಶಃ ಸಿಕ್ಕಿಬೀಳುತ್ತಿದ್ದೆ. ನೀವು ಕೇಳಲಿಲ್ಲ. "ನಂಗೇ ತಿಳೀಲಿಲ್ಲ. ಅಮ್ಮನ ಚಿಂತೇಲಿ ಸರಿಯಾಗಿ ನೋಡ್ಲಿಲ್ಲ ಅನ್ಸುತ್ತೆ" ಅಂದಿರಿ. ಆಮೇಲೆ ನನ್ನ ಭುಜ ತಟ್ಟಿ, "ನೀನು ಪಾಪ ಬಿಸಿಲಲ್ಲಿ ಒದ್ದಾಡಿದೆ" ಅಂದಿರಿ. ಅಯ್ಯೋ, ಆ ಕೈ! ಅವತ್ತು ನೀವು ನನ್ನ ಕೆನ್ನೆಗೆ ಬಾರಿಸಿದ್ದರೆ ಈ ಮೂರು ವರ್ಷ ಸ್ವಲ್ಪ ಹಗುರಾಗಿರುತ್ತಿತ್ತು.

ಆ ವರ್ಷ ಬೆಳೆ ಹೆಚ್ಚುಕಡಿಮೆ ಇಲ್ಲ. ಅದು ಹೋಗಲಿ, ಬೆಳೆ ಮತ್ತೆ ಬರುತ್ತದೆ. ನಿಮ್ಮ ಧೈರ್ಯ ಬರಲಿಲ್ಲ. ಮಾರನೇ ವರ್ಷದಿಂದ ನೀವು ಗೊಂಚಲನ್ನು ಕೈಯಲ್ಲಿ ಹಿಡಿಯುವುದನ್ನೇ ಬಿಟ್ಟಿರಿ. "ನೀನೇ ನೋಡಿ ಹೇಳು ಲೋಕೇಶ, ನಂಗೆ ಗೊತ್ತಾಗಲ್ಲ." ಯಾರನ್ನು ಕೇಳುತ್ತಿದ್ದೀರಿ ಅತ್ತಿಗೆ! ನೆಂಟರ ಮನೆ ಊಟದಲ್ಲಿ ಯಾರೋ, ಹೂ ಉದುರಿಸಬೇಕಾದರೆ ಈಕೆಯ ಹತ್ತಿರ ದಿನ ಕೇಳಿ ಎಂದು ನಕ್ಕರು. ನೀವೂ ನಕ್ಕಿರಿ. ನಾನು ಪಾಯಸ ಬಡಿಸಿಕೊಳ್ಳುತ್ತಿದ್ದೆ.

ಆಮೇಲೂ ಆಡಿದೆ, ಎರಡು ವರ್ಷಕ್ಕೂ ಹೆಚ್ಚು. ಪಶ್ಚಾತ್ತಾಪದಿಂದ ಬಿಟ್ಟೆ ಎಂದರೆ ಅದು ಇನ್ನೊಂದು ಸುಳ್ಳು. ನಿದ್ದೆ ಬಾರದೆ, ಊಟ ಸೇರದೆ ಮಡಿಕೇರಿಯ ಡಾಕ್ಟರ ಹತ್ತಿರ ಹೋದೆ. ಅವರು ಮೆಲ್ಲಗೆ ಕೇಳುತ್ತಾ ಹೋದರು. ಸೋತದ್ದನ್ನು ಗೆಲ್ಲಲು ಮತ್ತೆ ಆಡಿದ್ದುಂಟಾ? ಉಂಟು. ನಿಲ್ಲಿಸಲು ನೋಡಿ ಆಗದೆ ಹೋದದ್ದುಂಟಾ? ಉಂಟು. ಇದರಿಂದ ಬೇರೆ ಯಾರಿಗಾದರೂ ನಷ್ಟ ಆಗಿದೆಯಾ? "ಇಲ್ಲ" ಅಂದೆ. ಇದು ಕಾಯಿಲೆ, ವಾಸಿಯಾಗುತ್ತದೆ ಎಂದು ಅವರು ಹೇಳಿದರು. ತಿಂಗಳಿಗೊಮ್ಮೆ ಹೋಗುತ್ತಿದ್ದೇನೆ, ಎಂಟು ತಿಂಗಳಿಂದ ಮುಟ್ಟಿಲ್ಲ. ಆದರೆ ಆಟ ಕಾಯಿಲೆ ಇರಬಹುದು, ನಿಮಗೆ ಹೇಳಿದ ಸುಳ್ಳು ಕಾಯಿಲೆಯಲ್ಲ. ಅದನ್ನು ನಾನೇ ಹೇಳಿದ್ದು, ಬುದ್ಧಿ ನೆಟ್ಟಗಿದ್ದಾಗಲೂ ಕಾಪಾಡಿಕೊಂಡು ಬಂದದ್ದು.

ಇವತ್ತು ಯಾಕೆ ಬರೆಯುತ್ತಿದ್ದೇನೆಂದರೆ, ಬರುವ ಸೋಮವಾರ ನೀವು ತೋಟವನ್ನು ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟು ಕಾಗದಕ್ಕೆ ಸಹಿ ಹಾಕುತ್ತೀರಿ. ಕೊಡಬೇಡಿ ಎಂದು ಹೇಳಲು ನನಗೆ ಯೋಗ್ಯತೆಯಿಲ್ಲ. ದಣಿವಾಗಿದೆ ಎಂದು ಕೊಟ್ಟರೆ ಕೊಡಿ. ಆದರೆ ನಿನ್ನೆ ಗುತ್ತಿಗೆ ಹಿಡಿಯಲು ಬಂದ ಆ ಮನುಷ್ಯನಿಗೆ ನೀವು ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ—"ನಂಗೆ ಕಾಫಿ ತಿಳಿಯೋದಿಲ್ಲ ಕಣಪ್ಪ, ಒಂದ್ಸಲ ಕೆಡಿಸಿದೀನಿ." ಆ ಮಾತಿನ ಮೇಲೆ ನೀವು ಸಹಿ ಹಾಕಕೂಡದು.

ಈ ಕಾಗದವನ್ನು ಮೇಜಿನ ಮೇಲಿಟ್ಟು ಓಡಿಹೋಗುವುದಿಲ್ಲ. ನಾಳೆ ಬೆಳಿಗ್ಗೆ ಕಾಫಿ ಕುಡಿದಾದ ಮೇಲೆ ಎದುರಿಗೆ ಕೂತು ಓದಿ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ. ಈ ಮನೆ ಬಿಟ್ಟು ಹೋಗು ಎಂದರೆ ಹೋಗುತ್ತೇನೆ. ಪಕ್ಕದವರಿಗೆ, ನೆಂಟರಿಗೆ, ಅವತ್ತು ನಕ್ಕವರಿಗೆ, ಎಲ್ಲರಿಗೂ ನಾನೇ ಹೋಗಿ ಹೇಳುತ್ತೇನೆ.

ಒಂದೇ ಒಂದು ಮಾತು, ನಂಬಿಕೆ ಬಾರದಿದ್ದರೆ. ಆ ವರ್ಷ ಕೆರೆ ಪಕ್ಕದ ಪಟ್ಟಿಯಲ್ಲಿ ಮಾತ್ರ ಹೂ ಬಿರಿದಿತ್ತು, ಗಿಡ ಬಗ್ಗುವಷ್ಟು ಕಾಯಿ ಕಚ್ಚಿತ್ತು. ಕೆರೆಯ ತಂಪಿಗೆ ಇರಬೇಕು ಎಂದು ನಾನು ಹೇಳಿದೆ, ನೀವು ನಂಬಿದಿರಿ. ಕೆರೆಯ ತಂಪಲ್ಲ ಅತ್ತಿಗೆ. ಏಳು ಗಂಟೆ ನೀರು ಕುಡಿದದ್ದು ಆ ಗಿಡಗಳು ಮಾತ್ರ. ನೀವು ಹೇಳಿದ ಆ ಗುರುವಾರವೇ.