ಓದಿ ಹೇಳಿದ್ದನ್ನು ಕೇಳಿ, ಸರಿ ಎಂದು ಒಪ್ಪಿ

ತಾಲೂಕು ಕಚೇರಿಯಲ್ಲಿ ಬರೆದುಕೊಳ್ಳುವ ಪ್ರತಿ ಹೇಳಿಕೆಯ ಕೊನೆಗೂ ಒಂದು ವಾಕ್ಯ ಇರಲೇಬೇಕು: ‘ಓದಿ ಹೇಳಿದ್ದನ್ನು ಕೇಳಿ, ಸರಿ ಎಂದು ಒಪ್ಪಿ ಹೆಬ್ಬೆಟ್ಟು ಒತ್ತಿದ್ದೇನೆ.’ ಗುಮಾಸ್ತೆಯಾಗಿ ಅದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈಗ ಬರೆಯುವಾಗ ಕೈ ತಡೆಯುತ್ತದೆ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಬರುವ ಬಸ್ಸಿನಲ್ಲಿ, ವೇಣೂರು ದಾಟಿದ ಮೇಲೆ, ಗುಡ್ಡದ ಮೇಲೊಂದು ನೀರಿನ ಟ್ಯಾಂಕ್ ಕಾಣುತ್ತದೆ. ಆ ಬದಿಯ ಕಿಟಕಿಯಲ್ಲಿ ನಾನು ಕೂರುವುದಿಲ್ಲ.

ಆಗಿನ ಸಾಹೇಬರು ಬಯಲುಸೀಮೆಯವರು. ತುಳುವಿನ ಗಂಧಗಾಳಿ ಇರಲಿಲ್ಲ. ಕಲಿಯಿರಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ, ಪಕ್ಕದಲ್ಲಿ ನಾನಿದ್ದೆನಲ್ಲ! ಜನ ತುಳುವಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನು ಕನ್ನಡದಲ್ಲಿ ಒಂದೇ ಸಾಲಿಗೆ ಇಳಿಸಿ ಕೊಡುತ್ತಿದ್ದೆ. ಸುಳ್ಳೇಕೆ ಹೇಳಲಿ, ಅದರ ಬಗ್ಗೆ ನನಗೆ ಜಂಬವೇ ಇತ್ತು.

ಟ್ಯಾಂಕಿಗೆಂದು ಗುರುತು ಮಾಡಿದ್ದ ಸರ್ಕಾರಿ ಜಾಗದ ಪಕ್ಕದಲ್ಲಿ ಬೀಡಿ ಕಟ್ಟುವ ಒಬ್ಬ ಹೆಂಗಸಿನ ಮನೆ. ಅರುವತ್ತು ದಾಟಿದವರು. ಅವರ ಹೇಳಿಕೆ ಪಡೆಯಬೇಕಿತ್ತು. ಅವರು ನನ್ನ ಮೇಜಿನ ಎದುರು ನಿಂತು ನಿಧಾನವಾಗಿ ಹೇಳಿದರು. ಊರಿಗೆ ನೀರು ಬರಲಿ, ಬೇಡ ಅನ್ನುವುದಿಲ್ಲ. ಆದರೆ ಆ ಜಾಗದ ಮೂಲೆಯ ಗೇರುಮರದ ಬುಡದಲ್ಲಿ ಗುರುತಿಗೆಂದು ನೆಟ್ಟ ಒಂದು ಕೆಂಪು ಮುರಕಲ್ಲು ಉಂಟು. ಎರಡು ವರ್ಷದ ಮಗಳನ್ನು ಅಲ್ಲೇ ಮಣ್ಣು ಮಾಡಿದ್ದು. ಆ ಮೂಲೆ ಒಂದನ್ನು ಬಿಡಬೇಕು. ಆಮೇಲೆ ಆ ಮಗುವಿನ ಜ್ವರ, ಆ ವರ್ಷದ ಮಳೆ ಎಲ್ಲ ಮಾತಿನಲ್ಲಿ ಬಂತು.

“ಏನಂತೆ ಮೇಡಂ? ತಕರಾರು ಇದೆಯೋ ಇಲ್ವೋ?” ಎಂದು ಸಾಹೇಬರು ಕೇಳಿದರು.

“ಇಲ್ಲ ಸಾರ್” ಎಂದೆ.

ಮೂಲೆಯ ವಿಷಯ ಜಾಗ ಅಳೆಯುವ ದಿನ ಅವರೇ ಹೇಳಿಯಾರು ಅಂದುಕೊಂಡೆ. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು. ಮೂರು ಸಾಲು ಗೀಚಿ, ಕೊನೆಗೆ ಆ ವಾಕ್ಯವನ್ನೂ ಸೇರಿಸಿ, ಶಾಯಿಯ ಪ್ಯಾಡ್ ಮುಂದೆ ಇಟ್ಟೆ. ಓದಿ ಹೇಳಲಿಲ್ಲ.

ಮಳೆಗಾಲ ಮುಗಿದ ಮೇಲೆ ಅವರು ಮತ್ತೆ ಬಂದರು. ನೆರೆಮನೆಯವರಿಂದ ಬರೆಸಿದ ಅರ್ಜಿ ಕೈಯಲ್ಲಿತ್ತು. ಆ ಹೆಂಗಸು ಮದುವೆಗೆಂದು ಬಂಟ್ವಾಳಕ್ಕೆ ಹೋಗಿದ್ದ ದಿನ ಜೆಸಿಬಿ ಬಂದು ಗೇರುಮರವನ್ನೂ ಆ ಮೂಲೆಯನ್ನೂ ಅಗೆದುಹಾಕಿತ್ತು. ಸಾಹೇಬರು ಅರ್ಜಿ ಓದಿದರು. ಆಮೇಲೆ ಫೈಲು ತರಿಸಿದರು. ಅವರು ಕೆಟ್ಟವರಲ್ಲ, ನಿಜವಾಗಿಯೂ ಕಂಗಾಲಾಗಿದ್ದರು.

“ಹೇಳಿಕೇಲಿ ಇದು ಇಲ್ವಲ್ಲ. ಇವರಿಗೆ ಓದಿ ಹೇಳಿದ್ರಾ ಮೇಡಂ?”

“ಹೇಳಿದ್ದೇನೆ ಸಾರ್.”

ಹೇಳಿಲ್ಲ ಅಂದಿದ್ದರೆ ನನಗೊಂದು ನೋಟಿಸು ಬರುತ್ತಿತ್ತು, ಅಷ್ಟೇ. ಅಷ್ಟಕ್ಕೇ ಹೆದರಿದೆ.

ನಮ್ಮ ಕನ್ನಡ ಆ ಹೆಂಗಸಿಗೆ ಎಷ್ಟು ತಿಳಿಯಿತೋ. ನನ್ನ ಕಡೆ ತಿರುಗಿ ತುಳುವಿನಲ್ಲಿ, “ಮಗಾ, ಅದನ್ನೊಮ್ಮೆ ಓದಿ ಹೇಳು. ನಾನು ಕೇಳ್ತೇನೆ” ಎಂದರು.

ಓದಿದೆ. ಮೂರೂ ಸಾಲುಗಳನ್ನು ತುಳುವಿನಲ್ಲಿ ಹೇಳಿದೆ. ಅವರು ತಲೆ ಬಾಗಿಸಿ ಕೇಳುತ್ತಿದ್ದರು. ನಾನು ನಿಲ್ಲಿಸಿದ ಮೇಲೂ, ಇನ್ನೂ ಉಂಟು ಅನ್ನುವ ಹಾಗೆ ಕಾದರು.

“ನಾನು ಹೇಳಿದ್ದೆನಲ್ಲ ಮಗಾ. ಇದರಲ್ಲಿ ನನ್ನ ಮಗಳು ಎಲ್ಲಿದ್ದಾಳೆ?”

ನಾನು ಫೈಲು ಮುಚ್ಚಿದೆ.

“ಏನಂತಾರೆ?” ಎಂದರು ಸಾಹೇಬರು.

ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ.

“ಏನಿಲ್ಲ ಸಾರ್,” ಎಂದೆ, “ಬರೆದದ್ದು ಸರಿ ಉಂಟಂತೆ.”

‘ಸರಿ’ ಎಂಬ ಮಾತು ತುಳುವಿನಲ್ಲೂ ಸರಿಯೇ. ಅಷ್ಟು ಅವರಿಗೆ ಅರ್ಥವಾಯಿತು. ನನ್ನ ಮುಖವನ್ನು ಒಮ್ಮೆ ನೋಡಿದರು. ಸಾಹೇಬರಿಗೆ ಕೈ ಮುಗಿದು, ನನಗೆ ಮುಗಿಯದೆ, ಹೊರಗೆ ಹೋದರು.