ಪೆಟ್ಟಿಗೆ ಈಗ ಎಲ್ಲಿದೆ

ಕಳೆದ ಬೇಸಿಗೆಯ ಒಂದು ನಸುಕಿನಲ್ಲಿ, ಬೀದಿಗೆ ಹಾಲು ಬರುವ ಮೊದಲೇ, ಇದು ಶುರುವಾಯಿತು. ಕುಂಸಿಯಿಂದ ಗೂಡ್ಸ್ ಆಟೋ ಮಾಡಿಕೊಂಡು ಬಂದವರು ಭದ್ರಾವತಿಯ ನಸರುಲ್ಲಾ ಅವರ ಫ್ರಿಜ್ ರಿಪೇರಿ ಅಂಗಡಿ ಮುಂದೆ ನಿಂತರು. ಹೆಣ ಇಡುವ ತಂಪು ಪೆಟ್ಟಿಗೆ ಬೇಕಿತ್ತು. ಅದು ಶಿವಮೊಗ್ಗದ ವಿನೋಬನಗರದ ಒಂದು ಮನೆಯಲ್ಲಿತ್ತು, ಶಿವಮೊಗ್ಗ ದಾಟಿಯೇ ಅವರು ಬಂದಿದ್ದರು. ದೂರದೂರಿನ ಮಗಳು ಬರುವ ತನಕ, ತೀರಿಕೊಂಡ ಆ ತಾಯಿಯನ್ನು ಇಡಲಾಗಲಿಲ್ಲ.

ಇರುವುದು ಒಂದೇ ಪೆಟ್ಟಿಗೆ. ನಸರುಲ್ಲಾ ಬೆಳಗಾಗುವ ಮುಂಚೆ ಅದನ್ನು ಫಿನೈಲ್ ಹಾಕಿ ತೊಳೆಯುತ್ತಾರೆ, ಕರೆಂಟ್ ಕೊಟ್ಟು ಗಾಜಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ಇನ್ನೊಂದು ತುದಿ ಎತ್ತುವವನು ಗೆಳೆಯ ಧರ್ಮಪ್ಪ. ಪೆಟ್ಟಿಗೆ ಎಲ್ಲಿದೆಯೆಂದು ಯಾರ ಮೊಬೈಲಿನಲ್ಲಾದರೂ ಕಾಣಬೇಕೆಂದು, ಅರವತ್ತರ ಹತ್ತಿರದ ವಯಸ್ಸಿನಲ್ಲಿ ನಸರುಲ್ಲಾ ವೆಬ್ ಪುಟ ಬರೆಯಲು ಕೂತರು. ಕಲಿಸುವವಳು ಧರ್ಮಪ್ಪನ ಮಗಳು, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದುವ ಅಕ್ಷರಾ.

"ವೇರಿಯಬಲ್ ಅಂದ್ರೆ ಹೆಸರಿಟ್ಟ ಒಂದು ಜಾಗ, ಚಾಚಾ. ಹೆಸರು ಅದೇ, ಒಳಗಿರೋದು ಬದಲಾಗುತ್ತೆ."

"ನಮ್ಮ ಪೆಟ್ಟಿಗೆ ಥರ ಅನ್ನು."

"ಮುಗೀತು. ಇವನಿಗೆ ಇನ್ನು ಪಾಠ ಬೇಡ ಮಾರಾಯ್ತಿ," ಎಂದ ಧರ್ಮಪ್ಪ.

ಆದರೆ ಪುಟ ಮಾತ್ರ ಪೆಟ್ಟಿಗೆ ಹೋದ ಮೊದಲ ಮನೆಯನ್ನೇ ತೋರಿಸುತ್ತಾ ಉಳಿಯಿತು. ಅಕ್ಷರಾ ಕೋಡ್ ತೆರೆದು ನೋಡಿದರೆ, ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ವೇರಿಯಬಲ್; ಪುಟ ಓದುತ್ತಿದ್ದದ್ದು ಮೊದಲನೆಯದನ್ನು ಮಾತ್ರ.

"ಒಂದೇ ಸಾಕು ಚಾಚಾ. ಹಳೇದರ ಮೇಲೆ ಹೊಸದು ಬರೀರಿ."

"ಹಳೇದು?"

"ಹೋಗುತ್ತೆ."

ಅವರು ಕೈ ಹಿಂದಕ್ಕೆ ತೆಗೆದರು. "ಮನೇಲಿ ಇನ್ನೂ ಅಳು ನಿಂತಿರಲ್ಲ. ಅಷ್ಟರಲ್ಲೇ ಅಳಿಸೋದಾ? ನನ್ನ ಕೈಯಲ್ಲಿ ಆಗಲ್ಲ ಕಣಮ್ಮ."

"ನನ್ನ ಹೆಸರು ಬಂದಾಗ ಒಂದು ವಾರ ಬಿಡು ಮಾರಾಯ, ಊರವರು ನೋಡ್ಲಿ," ಎಂದು ಧರ್ಮಪ್ಪ ನಕ್ಕ.

ಕುಂಸಿಯವರ ಮುಖ ನೆನೆದು ಕೊನೆಗೆ ನಸರುಲ್ಲಾ ಒಪ್ಪಿದರು. ಅಂದಿನಿಂದ ಯಾರೂ ಬರಿಗೈಲಿ ಹಿಂದಿರುಗಿಲ್ಲ.

ಈ ಸಲದ ಬೇಸಿಗೆಯಲ್ಲಿ ಪುಟ ಹೇಳಿದ್ದು: ಹೊಸಮನೆ ಬಡಾವಣೆ, ಧರ್ಮಪ್ಪನ ಮನೆ. ಗೆಳೆಯನನ್ನು ಮಣ್ಣು ಮಾಡಿ ಬಂದು ಪೆಟ್ಟಿಗೆ ತೊಳೆಯುವಾಗಲೇ, ಇಲ್ಲೊಂದು ಸಾವಾಗಿದೆ, ಪೆಟ್ಟಿಗೆ ಬೇಕು ಎಂದು ಶಂಕರಘಟ್ಟದಿಂದ ಫೋನು. ನಸರುಲ್ಲಾ ಮೊಬೈಲಿನಲ್ಲಿ ಪುಟ ತೆರೆದರು, ಧರ್ಮಪ್ಪನ ಹೆಸರನ್ನು ಹಾಗೇ ಬಿಟ್ಟರು. ಸ್ನಾನದ ಒದ್ದೆ ತಲೆಯಲ್ಲೇ ಅಕ್ಷರಾ ಬಂದಳು.

"ಬದಲಾಯಿಸಿ ಚಾಚಾ. ಇಲ್ದಿದ್ರೆ ಬೇಕಾದೋರು ನಮ್ಮನೆ ಮುಂದೆ ಬಂದು ನಿಲ್ತಾರೆ."

ಅವರು ಬದಲಾಯಿಸಿದರು. ಇನ್ನೊಂದು ತುದಿಯನ್ನು ಅವಳೇ ಎತ್ತಿದಳು.

"ನನಗೇನೂ ಬೇಡ," ಎನ್ನುತ್ತಾರೆ ನಸರುಲ್ಲಾ. "ಯಾರೂ ಸುಮ್ನೆ ಬಂದು ವಾಪಸ್ ಹೋಗಬಾರದು, ಅಷ್ಟೆ."

ಗುರುವಾರ ಮಧ್ಯಾಹ್ನ ಪುಟದಲ್ಲಿ ಶಂಕರಘಟ್ಟ ಎಂದಿತ್ತು. ಧರ್ಮಪ್ಪ ತೀರಿಕೊಂಡದ್ದು ಬುಧವಾರ.