ಏಳನೇ ಸಾಲು ಮರೆಯದ ತೊಳೆಯೋ ಅಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿಗೆ ಇನ್ನೂ ಯಾರೂ ಬಂದಿಲ್ಲ. ಪರೀಕ್ಷೆಯ ತಟ್ಟೆ ತೊಳೆಯುವ, ಎಂಟು ಸಣ್ಣ ಮೂತಿಗಳ ಯಂತ್ರ ಬಿಚ್ಚಿಟ್ಟುಕೊಂಡು, ಒಂದೊಂದು ಮೂತಿಗೂ ತೆಳು ತಂತಿ ತೂರಿಸಿ, ಬೆಳಕಿಗೆ ಹಿಡಿದು ಒಕ್ಕಣ್ಣಿನಲ್ಲಿ ನೋಡುತ್ತಿದ್ದಾರೆ ಐವತ್ತೊಂದರ ಈ ಟೆಕ್ನಿಷಿಯನ್. ತೊಳೆಯುವ ನೀರಿನಲ್ಲಿ ಉಪ್ಪಿರುತ್ತದೆ. ರಾತ್ರಿ ಒಣಗಿದರೆ ಮೂತಿಯಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಜೊತೆಯವರು ಇವರಿಗಿಟ್ಟ ಹೆಸರು ತೊಳೆಯೋ ಅಕ್ಕ. ಅದರಲ್ಲಿ ಪ್ರೀತಿಗಿಂತ ಗೇಲಿಯೇ ಹೆಚ್ಚು.

ಕೆಲಸ ಕೇಳುವುದಕ್ಕೆ ಸುಲಭ. ರೋಗಾಣು ಹೊಕ್ಕ ಮೈ ಅದನ್ನು ಹಿಡಿಯಲೆಂದೇ ಪ್ರತಿಕಾಯ ತಯಾರಿಸುತ್ತದೆ. ಎಂಟು ಸಾಲಿನಲ್ಲಿ ತೊಂಬತ್ತಾರು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ರೋಗಾಣುವಿನ ಚೂರು ಅಂಟಿಸಿರುತ್ತಾರೆ. ಗುಳಿಗೊಬ್ಬರ ರಕ್ತದ ತಿಳಿ ಬಿಟ್ಟರೆ, ಪ್ರತಿಕಾಯವಿದ್ದಲ್ಲಿ ಅದು ಚೂರನ್ನು ಹಿಡಿದು ಕೂರುತ್ತದೆ. ಮಿಕ್ಕದ್ದನ್ನು ತೊಳೆದು, ಬಣ್ಣ ಬರಿಸುವ ಇನ್ನೊಂದು ಪ್ರತಿಕಾಯ ಹಾಕಿ, ಮತ್ತೆ ತೊಳೆಯಬೇಕು. ಕೊನೆಗೆ ಹಳದಿಯಾದರೆ ಪಾಸಿಟಿವ್.

"ಹಿಡ್ಕೊಂಡಿರೋದು ಮಾತ್ರ ಉಳೀಬೇಕು. ಸರಿಯಾಗಿ ತೊಳೀದಿದ್ರೆ ಸುಮ್ನೆ ನಿಂತಿರೋದೂ ಬಣ್ಣ ಕೊಡುತ್ತೆ. ಮದುವೆ ಮನೇಲಿ ಕರೀದೇ ಇದ್ದೋರೂ ಊಟಕ್ಕೆ ಕೂತ ಹಾಗೆ," ಎನ್ನುತ್ತಾರೆ ಅಕ್ಕ.

ಎಡವಟ್ಟಿಗೆ ನೂರು ದಾರಿ. ಕಿಟ್ ಫ್ರಿಜ್ಜಿನ ಹೊರಗುಳಿದರೆ ಕೆಟ್ಟಿತು, ಅರ್ಧ ಗಂಟೆ ಇಡಬೇಕಾದ್ದು ಮುಕ್ಕಾಲು ಗಂಟೆಯಾದರೆ ಕೆಟ್ಟಿತು. ಸೋಂಕು ತಗುಲಿ ವಾರವಷ್ಟೇ ಆಗಿದ್ದರೆ ಪ್ರತಿಕಾಯ ಇನ್ನೂ ಹುಟ್ಟಿರುವುದೇ ಇಲ್ಲ; ಬೇರೆ ಕಾಯಿಲೆಯ ಪ್ರತಿಕಾಯ ಬಂದು ಅಂಟುವುದೂ ಉಂಟು. ಅದಕ್ಕೇ ಹಳದಿ ಕಂಡದ್ದನ್ನು ಮತ್ತೆ ಮಾಡಬೇಕು, ಬೇರೆ ವಿಧಾನದಲ್ಲೂ ನೋಡಬೇಕು.

ಹನ್ನೊಂದು ವರ್ಷದ ಹಿಂದೆ ಒಂದು ದಿನ ಹಾಗೆ ನೋಡಲಿಲ್ಲ. ಹೊತ್ತಾಯಿತು ಎಂದು ಮೇಲಿನವರು ಅವಸರ ಮಾಡಿದರು, ಅಕ್ಕ ಸಹಿ ಹಾಕಿದರು. ಮರುದಿನ ತಟ್ಟೆಯನ್ನು ಮತ್ತೆ ನೋಡಿದಾಗ ಏಳನೇ ಸಾಲು ಉದ್ದಕ್ಕೂ ಮಬ್ಬು ಹಳದಿ. ಆ ಸಾಲನ್ನು ತೊಳೆಯುವ ಏಳನೇ ಮೂತಿ ಉಪ್ಪು ಕಟ್ಟಿತ್ತು. ಆ ಸಾಲಿನಲ್ಲಿ ಬಣ್ಣ ತುಸು ಹೆಚ್ಚಿದ್ದ ಮೂವರಿಗೆ ಆಗಲೇ ಪಾಸಿಟಿವ್ ವರದಿ ಹೋಗಿತ್ತು.

ಅವರಲ್ಲೊಬ್ಬಳು ಮದುವೆ ಗೊತ್ತಾಗಿದ್ದ ಟೈಲರ್. ಹೆಸರೆತ್ತಲೂ ಜನ ಅಂಜುವ ಕಾಯಿಲೆ; ಸುದ್ದಿ ಬೀದಿಗೆ ಬಿದ್ದು ಮದುವೆ ಮುರಿಯಿತು. ಎರಡನೇ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಆ ವರದಿಯನ್ನು ಅಕ್ಕ ತಾವೇ ಅವಳ ಅಂಗಡಿಗೆ ಒಯ್ದರು. ಅವಳು ಬಟ್ಟೆಯಿಂದ ತಲೆ ಎತ್ತಲಿಲ್ಲ. "ನಾನು ನಂಬ್ತೀನಕ್ಕಾ. ಬೀದಿಯವರಿಗೆ ಯಾರು ಹೇಳ್ತಾರೆ?" ಎಂದಳು. ತಿಂಗಳೊಳಗೆ ಅಂಗಡಿಗೆ ಬೀಗ ಬಿತ್ತು, ಎಲ್ಲಿಗೆ ಹೋದಳೋ ಗೊತ್ತಿಲ್ಲ. ಮೇಲಿನವರಿಗೆ ಬಡ್ತಿ ಸಿಕ್ಕಿತು.

"ಸಹಿ ನಂದು," ಎನ್ನುತ್ತಾರೆ ಅಕ್ಕ. ಅದರಾಚೆ ಸಬೂಬು ಹೇಳುವುದಿಲ್ಲ.

ಈಗ ವರದಿಗಳು ಒಂಬತ್ತಕ್ಕೇ ಬೇಕಂತೆ. ಅಕ್ಕ ಹನ್ನೊಂದಕ್ಕೆ ಕೊಡುತ್ತಾರೆ. ಮೂರು ನೋಟಿಸ್ ಆಯಿತು, ಗುತ್ತಿಗೆ ಈ ತಿಂಗಳಿಗೆ ಕೊನೆ. ಇವತ್ತಿನ ತಟ್ಟೆಯಲ್ಲೂ ಒಂದು ಗುಳಿ ಹಳದಿ. ಆಫೀಸಿನಿಂದ ಎರಡು ಸಲ ಫೋನ್ ಬರುತ್ತದೆ. ಇನ್ನೊಮ್ಮೆ ನೋಡುತ್ತಿದ್ದೇನೆಂದು ಹೇಳಿ ಇಡುತ್ತಾರೆ. ಅದೇ ರಕ್ತವನ್ನು ಎರಡು ಗುಳಿಗೆ ಬಿಟ್ಟು ಮತ್ತೆ ಮಾಡಿದರೆ ಎರಡೂ ನೀರಿನಷ್ಟು ತಿಳಿ. ಆ ರಕ್ತ ಯಾರದ್ದೋ, ಬಚಾವಾದದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಇಂಥ ಕೆಲಸಕ್ಕೆ ಹಾರ ಹಾಕುವವರು ಯಾರು? ನೋಟಿಸ್ ಕೊಡುವವರು ಮಾತ್ರ ತಪ್ಪದೆ ಬರುತ್ತಾರೆ.

ಅಕ್ಕನ ಜಾಗಕ್ಕೆ ಹೊಸಬಳು ಬರುವುದು ಒಂದನೇ ತಾರೀಖು. ಅಕ್ಕನ ಗೇಟ್‌ಪಾಸ್ ಹಿಂದಿನ ಸಂಜೆಗೇ ಮುಗಿಯುತ್ತದೆ. ಅವರು ಆಫೀಸಿಗೆ ಒಂದು ಅರ್ಜಿ ಬರೆದುಕೊಟ್ಟು ಹತ್ತು ದಿನವಾಯಿತು, ಉತ್ತರವಿಲ್ಲ. ಏನು ಕೇಳಿದ್ದೀರಿ ಎಂದರೆ ಸಂಕೋಚಪಡುತ್ತಾರೆ.

"ಆ ಮಗು ಬಂದ ದಿನ, ಮೂತಿಗೆ ತಂತಿ ಹಾಕೋದು ತೋರ್ಸೋಕೆ ನನ್ನನ್ನ ಒಂದೇ ಒಂದು ಗಂಟೆ ಒಳಗೆ ಬಿಡಿ ಅಂತ. ಸಂಬಳ ಬೇಡ ಅಂತಾನೂ ಬರ್ದಿದೀನಿ."